ಹನ್ನೆರಡನೇ ಕಾಲಮಿನಿಂದ ಒಂಬತ್ತಕ್ಕೆ

ಸಂವಿಧಾನದ ಪುಸ್ತಕ ಕೈಗೆ ಸಿಕ್ಕಿದರೆ ಮುಂದಿನ ಪುಟಗಳನ್ನೆಲ್ಲ ಬಿಟ್ಟು ಸೀದಾ ಹಿಂಭಾಗಕ್ಕೆ ಹೋಗಿ, ಒಂಬತ್ತನೇ ಅನುಸೂಚಿ ತೆಗೆಯಿರಿ. ಅಲ್ಲಿ ಮಾತಿನ ಸೊಗಸೇನೂ ಇಲ್ಲ. ಕಾಯ್ದೆಗಳ ಹೆಸರು, ನಂಬರು, ಇಸವಿ, ಅಷ್ಟೇ. ಮೊದಲ ಸಾಲಿನಲ್ಲಿ ಬಿಹಾರದ ಭೂಸುಧಾರಣೆ ಕಾಯ್ದೆ ಇದೆ. ಎರಡನೇ ಸಾಲಿಗೆ ಬೆರಳಿಡಿ: ಮುಂಬಯಿ ಗೇಣಿ ಮತ್ತು ಕೃಷಿ ಜಮೀನುಗಳ ಕಾಯ್ದೆ, 1948. ಇದು ಶಿರಸಿಯ ಕಾಯ್ದೆ! ಸಿದ್ದಾಪುರದ ಕಾಯ್ದೆ, ಯಲ್ಲಾಪುರದ ಕಾಯ್ದೆ! 1956ರ ನವೆಂಬರ್ 1ರವರೆಗೆ ಈ ಮೂರೂ ತಾಲೂಕುಗಳು ಇದ್ದದ್ದು ಮುಂಬಯಿಯ ಆಡಳಿತದಲ್ಲಿ. ಅಡಿಕೆ ತೋಟದಾಚೆಯ ಗದ್ದೆಯಲ್ಲಿ, ಮೊಣಕಾಲು ಮುಳುಗುವ ಕೆಸರಿನಲ್ಲಿ ನಿಂತು, ಇನ್ನೊಬ್ಬರ ಹೆಸರಿನ ಭೂಮಿಗೆ ಸಸಿ ನೆಡುತ್ತಿದ್ದ ಒಕ್ಕಲಿನ ಹಕ್ಕು ದೇಶದ ಅತಿ ದೊಡ್ಡ ದಾಖಲೆಯ ಪಟ್ಟಿಯೊಂದರಲ್ಲಿ ಎರಡನೆಯದಾಗಿ ಕೂತಿದೆ.

ಅದು ಅಲ್ಲಿ ಬಂದು ಕೂತ ತಾರೀಖು ಇನ್ನೂ ಬೆರಗಿನದು. 1950ರ ಮೂಲ ಸಂವಿಧಾನದಲ್ಲಿ ಒಂಬತ್ತನೇ ಅನುಸೂಚಿ ಇರಲಿಲ್ಲ. ಜಮೀನ್ದಾರರು ಕೋರ್ಟಿಗೆ ಹೋದರು. 1951ರ ಮಾರ್ಚಿನಲ್ಲಿ ಪಾಟ್ನಾ ಹೈಕೋರ್ಟು ಬಿಹಾರದ ಕಾಯ್ದೆಯನ್ನು ಹೊಡೆದುಹಾಕಿತು. ಗಣರಾಜ್ಯಕ್ಕೆ ಆಗ ಒಂದೂಕಾಲು ವರ್ಷವೂ ತುಂಬಿರಲಿಲ್ಲ. ಸಂಸತ್ತು ಸಂವಿಧಾನಕ್ಕೆ ಮೊದಲನೇ ತಿದ್ದುಪಡಿ ತಂದು, 13 ಕಾಯ್ದೆಗಳನ್ನು ಹೊಸ ಅನುಸೂಚಿಯೊಂದರಲ್ಲಿ ಇಟ್ಟು, ಮೂಲಭೂತ ಹಕ್ಕಿನ ಹೆಸರಿನಲ್ಲಿ ಇವನ್ನು ರದ್ದು ಮಾಡುವಂತಿಲ್ಲ ಎಂದಿತು. ತಿದ್ದುಪಡಿ ಜಾರಿಯಾದದ್ದು 1951ರ ಜೂನ್ 18ರಂದು.

ಅದೇ ವರ್ಷ, ಅದೇ ಜೂನ್ ತಿಂಗಳು! ಸಿದ್ದಾಪುರದಿಂದ ತಾಳಗುಪ್ಪ ದಾಟಿ ಹೋದರೆ ಸಿಗುವ ಸಾಗರದಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನು ಪೊಲೀಸರು ಬಂಧಿಸಿದರು. ಸಾಗರದ ಪಕ್ಕದ ಕಾಗೋಡು ಎಂಬ ಹಳ್ಳಿಯಲ್ಲಿ ಗೇಣಿದಾರರ ಜೊತೆ ಗದ್ದೆಗೆ ಇಳಿದದ್ದು ಅವರ ಅಪರಾಧ. ಸಾಗರ ಮೈಸೂರು ರಾಜ್ಯ, ಸಿದ್ದಾಪುರ ಮುಂಬಯಿ ರಾಜ್ಯ. ಎರಡೂ ಕಡೆ ಅದೇ ಮಳೆ, ಅದೇ ಭತ್ತ, ಅದೇ ದೀವ ಗೇಣಿದಾರರು, ಅದೇ ಮಾತು, ಒಂದು ಊರಿನ ಹೆಣ್ಣನ್ನು ಇನ್ನೊಂದು ಊರಿಗೆ ಕೊಟ್ಟು ತಂದ ನೆಂಟಸ್ತಿಕೆ. ಗಡಿಯ ಈಚೆ ಗೇಣಿದಾರನ ಕಾಯ್ದೆಗೆ ದೆಹಲಿಯಲ್ಲಿ ಸಂವಿಧಾನದ ಕವಚ ತೊಡಿಸುತ್ತಿದ್ದ ದಿನಗಳಲ್ಲೇ ಗಡಿಯ ಆಚೆ ಅದೇ ಹಕ್ಕನ್ನು ಕೇಳಿದವರನ್ನು ಲಾರಿಯಲ್ಲಿ ತುಂಬಿ ಜೈಲಿಗೆ ಸಾಗಿಸುತ್ತಿದ್ದರು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಿನಿಂದ ನನಗೆ ಸಿದ್ದಾಪುರ–ಸಾಗರ ರಸ್ತೆ ಮೊದಲಿನ ರಸ್ತೆಯಾಗಿ ಉಳಿದಿಲ್ಲ.

ಗಡಿಯ ಈಚೆಯ ಈ ಹಕ್ಕಿನ ಬೇರು ಹುಡುಕುತ್ತ ಹೋದರೆ ಸಿಗುವ ಮನುಷ್ಯ ಯಾರೆಂದು ನೆನೆದಿದ್ದೀರಿ? ಕನ್ನಡ ಶಾಲೆಗೆ ಹೋದವರಿಗೆಲ್ಲ ಗೊತ್ತಿರುವವರು, ನಾಲ್ಕು ಸಾಲಿನ ಚೌಪದಿಗಳಿಂದ ನಗಿಸಿದವರು, ಚುಟುಕ ಬ್ರಹ್ಮ ಎಂದು ಕರೆಸಿಕೊಂಡವರು. ದಿನಕರ ದೇಸಾಯಿ!

ಆದರೆ ಅವರ ಕತೆಗೆ ಮೊದಲು ಅವರು ಕಾಲಿಟ್ಟ ನೆಲದ ಕತೆ ಹೇಳಬೇಕು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಅಲ್ಲಿಂದ ಹೊತ್ತಿದ ಕಿಚ್ಚು ಘಟ್ಟ ಹತ್ತಿತು. 1931–32ರ ಹೊತ್ತಿಗೆ ಸಿದ್ದಾಪುರ, ಅಂಕೋಲೆ, ಶಿರಸಿ ಸೀಮೆಯ ರೈತರು ಸರ್ಕಾರಕ್ಕೆ ಭೂಕಂದಾಯ ಕೊಡುವುದಿಲ್ಲ ಎಂದು ಕೂತರು. ಲಂಡನ್ನಿನಲ್ಲಿ ದುಂಡುಮೇಜಿನ ಸುತ್ತ ಭಾರತದ ಮುಂದಿನ ಸಂವಿಧಾನ ಹೇಗಿರಬೇಕೆಂದು ಚರ್ಚೆ ನಡೆಯುತ್ತಿದ್ದ ಕಾಲ ಅದು. ಇಲ್ಲಿ ಮನೆಗಳಿಗೆ ಜಪ್ತಿಯವರು ಬಂದರು. ಪಾತ್ರೆ ಹೋಯಿತು, ದನ ಹೋಯಿತು, ಕೊನೆಗೆ ಭೂಮಿಯೇ ಹರಾಜಾಯಿತು. ಜೋಗದ ದಾರಿಯ ಮಾವಿನಗುಂಡಿಯಲ್ಲಿ, ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕೂತರು! ಹೊಸಿಲು ದಾಟಿ ಸಭೆಗೆ ಬಂದು ಅಭ್ಯಾಸವಿಲ್ಲದ, ಅಡಿಗೆಮನೆ ಕೊಟ್ಟಿಗೆಗಳಲ್ಲೇ ಬದುಕು ಸವೆಸುತ್ತಿದ್ದ ಹೆಂಗಸರು. ಸಿದ್ದಾಪುರ ದೊಡ್ಮನೆಯ ಮಹಾದೇವಿತಾಯಿಯವರ ಹೆಸರನ್ನು ಈ ಸೀಮೆ ಇಂದಿಗೂ ಕೈಮುಗಿದು ಹೇಳುತ್ತದೆ. ಕಳೆದುಕೊಂಡ ಭೂಮಿ ವಾಪಸು ಬರುವುದಕ್ಕೆ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬರಬೇಕಾಯಿತು.

ಈ ತ್ಯಾಗವನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಆದರೂ ಅಲ್ಲೇ ಬುಡದಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಸರ್ಕಾರಕ್ಕೆ ಕಂದಾಯ ಕಟ್ಟುತ್ತಿದ್ದವರು ಭೂಮಿಯ ಖಾತೆ ಇದ್ದವರು. ಆ ಖಾತೆದಾರರಿಗೆ ಗೇಣಿ ಅಳೆಯುತ್ತಿದ್ದವರು ಯಾರು? ಅವರ ಹೆಸರು ಯಾವ ಕಾಗದದಲ್ಲಿತ್ತು?

ಕೆನರಾದ ಗೇಣಿಯ ಲೋಕವೇ ಬೇರೆ. ಮೂಲಗೇಣಿ ಎಂದು ಒಂದಿತ್ತು: ತಲೆತಲಾಂತರಕ್ಕೆ ನಡೆಯುವ, ಗೇಣಿ ಗೊತ್ತುಪಡಿಸಿದ ಹಿಡುವಳಿ. ಅದು ಸಿಕ್ಕವನು ಪುಣ್ಯವಂತ. ಹೆಚ್ಚಿನವರದು ಚಾಲಗೇಣಿ. ಒಡೆಯ ಇರು ಎಂದರೆ ಇರಬೇಕು, ಏಳು ಎಂದರೆ ಏಳಬೇಕು. ಅಜ್ಜ ಕಟ್ಟಿದ ಅಗಳು, ಅಪ್ಪ ಹೊತ್ತ ಗೊಬ್ಬರ, ತಾನು ಕಡಿದ ಮುಳ್ಳುಕಂಟಿ ಯಾವುದೂ ಲೆಕ್ಕಕ್ಕಿಲ್ಲ. ಸುಗ್ಗಿ ಮುಗಿದು ಕಣದಲ್ಲಿ ಭತ್ತ ತೂರಿದ ಮೇಲೆ ಒಡೆಯರ ಕೊಳಗ ಬರುತ್ತಿತ್ತು. ಕೊಟ್ಟ ಗೇಣಿಗೆ ರಶೀದಿ ಎಂಬುದು ಅಪರೂಪ. ರಶೀದಿ ಇಲ್ಲದವನು ತಾನು ಗೇಣಿದಾರ ಎಂದು ಯಾವ ಬಾಯಲ್ಲಿ ಹೇಳಬೇಕು? ಮೇಲಿನಿಂದ ಹಬ್ಬಕ್ಕೊಂದು ಬಾಳೆಗೊನೆ, ಒಡೆಯರ ಮನೆಯ ಮದುವೆಗೆ ಬಿಟ್ಟಿ ಚಾಕರಿ. ಘಟ್ಟದ ಕೆಳಗೆ ಹಾಲಕ್ಕಿಗಳು, ಘಟ್ಟದ ಮೇಲೆ ದೀವರು, ಕರೆ ಒಕ್ಕಲಿಗರು ಈ ಬದುಕಿನಲ್ಲಿ ತಲೆಮಾರು ಕಳೆದರು.

1935ರಲ್ಲಿ ಬ್ರಿಟಿಷ್ ಸಂಸತ್ತು ಭಾರತ ಸರ್ಕಾರ ಕಾಯ್ದೆ ಮಾಡಿತು. 1937ರ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಮತ ಹಾಕುವ ಹಕ್ಕಿದ್ದವರು ಸುಮಾರು 3 ಕೋಟಿ ಜನ. ಆಸ್ತಿ, ತೆರಿಗೆ, ವಿದ್ಯೆ ನೋಡಿ ಕೊಟ್ಟ ಓಟು ಅದು. ಕಂದಾಯದ ಪುಸ್ತಕದಲ್ಲಿ ಹೆಸರಿಲ್ಲದ ಚಾಲಗೇಣಿಯವನಿಗೆ ಮತದಾರರ ಪಟ್ಟಿಯಲ್ಲಿ ಎಲ್ಲಿಂದ ಹೆಸರು ಬರಬೇಕು!

ಅದೇ 1935ರಲ್ಲಿ ಅಂಕೋಲೆ ತಾಲೂಕಿನ ಅಲಗೇರಿಯ ಮೇಷ್ಟರ ಮಗನೊಬ್ಬ ಪುಣೆಯ ಭಾರತ ಸೇವಕ ಸಮಾಜ ಸೇರಿದ. 1909ರ ಸೆಪ್ಟೆಂಬರ್ 10ರಂದು ಹುಟ್ಟಿದವನು, ಮೈಸೂರಿನಲ್ಲಿ ಬಿ. ಎ. ಓದುವಾಗ ಬಿ. ಎಂ. ಶ್ರೀಕಂಠಯ್ಯನವರಿಂದ ಕಾವ್ಯದ ಗೀಳು ಹಚ್ಚಿಸಿಕೊಂಡವನು, ಮುಂಬಯಿಯಲ್ಲಿ ಎಂ. ಎ., ಕಾನೂನು ಎರಡನ್ನೂ ಮುಗಿಸಿದವನು. ವಕೀಲಿ ಹಿಡಿದಿದ್ದರೆ ಹಣ, ಸರ್ಕಾರಿ ನೌಕರಿ ಹಿಡಿದಿದ್ದರೆ ದರ್ಬಾರು. ಅವನು ಹಿಡಿದದ್ದು, ತನಗಾಗಿ ಹಣ ಗಳಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸುವ ಸಂಸ್ಥೆಯನ್ನು. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಕಟ್ಟಿದ ಆ ಸಮಾಜದ ನಿಯಮದಲ್ಲೇ ಬರೆದಿದೆ: ದೇಶದ ಹಿತವನ್ನು ಸಂವಿಧಾನಬದ್ಧ ಮಾರ್ಗಗಳಿಂದ ಸಾಧಿಸಬೇಕು. ಮೆತ್ತಗಿನವರ, ಅರ್ಜಿ ಬರೆಯುವವರ ಸಂಘ ಎಂದು ಉಗ್ರರು ಮೂಗು ಮುರಿಯುತ್ತಿದ್ದ ಸಂಸ್ಥೆ ಇದು.

ಈಗ ನೋಡಿ, ಆ ಮೆತ್ತಗಿನ ಸಂಸ್ಥೆಯೊಳಗಿನಿಂದ ಹೊರಟವರು ಯಾರು ಯಾರು! ಎನ್. ಎಂ. ಜೋಶಿ ಇಲ್ಲಿಯವರೇ, ದೇಶದ ಮೊದಲ ಕಾರ್ಮಿಕ ಮಹಾಸಂಘ ಎಐಟಿಯುಸಿಯನ್ನು 1920ರಲ್ಲಿ ಕಟ್ಟಿದವರಲ್ಲಿ ಒಬ್ಬರು. ಶಾಮರಾವ್ ಪರುಳೇಕರ್ ಇಲ್ಲಿಯವರೇ; ಸಮಾಜದ ಮೊದಲ ಮಹಿಳಾ ಆಜೀವ ಸದಸ್ಯೆ ಗೋದಾವರಿ ಇಲ್ಲಿಯವರೇ. ಕೊಂಕಣದಲ್ಲಿ ಖೋತಿ ಎಂಬ ಜಮೀನ್ದಾರಿ ಪದ್ಧತಿ ತೆಗೆಯಬೇಕೆಂದು ಅಂಬೇಡ್ಕರ್ 1937ರ ಸೆಪ್ಟೆಂಬರಿನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. 1938ರ ಜನವರಿಯಲ್ಲಿ ಸಾವಿರಾರು ರೈತರು ಶಾಸನಸಭೆಗೆ ಮೆರವಣಿಗೆ ಬಂದಾಗ ಅಂಬೇಡ್ಕರರ ಜೊತೆ ನಿಂತವರಲ್ಲಿ ಶಾಮರಾವ್ ಪರುಳೇಕರ್ ಇದ್ದರು. ಮುಂದೆ ಶಾಮರಾವ್, ಗೋದಾವರಿ ಇಬ್ಬರೂ ಸಮಾಜ ಬಿಟ್ಟು ಕಮ್ಯುನಿಸ್ಟರಾಗಿ ಠಾಣೆ ಜಿಲ್ಲೆಯ ವಾರ್ಲಿ ಆದಿವಾಸಿಗಳ ಬಂಡಾಯ ನಡೆಸಿದರು. ದೇಸಾಯಿ ಸಮಾಜ ಬಿಡಲಿಲ್ಲ. ಒಂದೇ ಚಾವಡಿಯಲ್ಲಿ ಕೂತವರು ಎರಡು ದಾರಿ ಹಿಡಿದರು, ಆದರೆ ಎರಡೂ ದಾರಿ ಗೇಣಿದಾರನ ಗುಡಿಸಲಿಗೇ ಹೋದವು.

ಎಡಪಂಥ ಎಂದರೆ ಕುಡುಗೋಲು-ಸುತ್ತಿಗೆಯ ಬಾವುಟ ಮಾತ್ರ ನೆನಪಾಗುವವರಿಗೆ ದೇಸಾಯಿ ಒಗಟಾಗುತ್ತಾರೆ. ಅವರು ಮುಂಬಯಿಯ ಡಾಕಿನಲ್ಲಿ ಹಡಗಿನ ಕಾರ್ಮಿಕರ ಸಂಘದ ಕೆಲಸ ಮಾಡಿದರು. ಊರಿಗೆ ಬಂದರೆ ಅಂಕೋಲೆ, ಕುಮಟೆ, ಕಾರವಾರದ ಕಡೆ ರೈತಕೂಟ. ಉಳುವವನಿಗೇ ಹೊಲ ಎಂಬ ಮಾತನ್ನು ಗದ್ದೆಯ ಹಾಳಿಯ ಮೇಲೆ ನಿಂತು ಹೇಳಿದರು. ಒಡೆಯರ ಎದುರು ತಲೆಯ ಮೇಲಿನ ಕಂಬಳಿ ತೆಗೆದು ಮಾತಾಡುತ್ತಿದ್ದವರು ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವುದು ಎಂದರೆ ಆ ಕಾಲಕ್ಕೆ ಎಂಥ ಸಂಗತಿ! ದೇಸಾಯಿಯವರದು ಬಾಂಬು ಇಲ್ಲದ, ಬಂದೂಕು ಇಲ್ಲದ ಕ್ರಾಂತಿ. ಗೇಣಿ ಎಷ್ಟು, ಕೊಳಗ ಯಾವುದು, ರಶೀದಿ ಎಲ್ಲಿ ಎಂಬ ಮೂರು ಪ್ರಶ್ನೆ ಸಾಕಾಯಿತು.

ಬ್ರಿಟಿಷ್ ಸರ್ಕಾರಕ್ಕೂ ಅಷ್ಟೇ ಸಾಕಾಯಿತು. 1939ರ ಕೊನೆಯಲ್ಲಿ ಯುದ್ಧದ ಪ್ರಶ್ನೆಯ ಮೇಲೆ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟಿದ್ದವು. ಮುಂಬಯಿ ಪ್ರಾಂತ ಗವರ್ನರನ ಕೈಯಲ್ಲಿತ್ತು. 1940ರಲ್ಲಿ ದಿನಕರ ದೇಸಾಯಿಯವರನ್ನು ಉತ್ತರ ಕನ್ನಡ ಜಿಲ್ಲೆಯಿಂದ ಗಡಿಪಾರು ಮಾಡಿದರು. ಐದು ವರ್ಷ! ಅವರ ರೈತಕೂಟದ ಕೆಲಸ ನಡೆದದ್ದು ಹೆಚ್ಚಾಗಿ ಘಟ್ಟದ ಕೆಳಗೆ. ಗಡಿಪಾರು ಮಾತ್ರ ಇಡೀ ಜಿಲ್ಲೆಯಿಂದ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ ಬರುವಂತಿಲ್ಲ, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವಂತಿಲ್ಲ, ಸಿದ್ದಾಪುರದ ಸಂತೆಯಲ್ಲಿ ಕಾಣಿಸಿಕೊಳ್ಳುವಂತಿಲ್ಲ. ಮಾತಿಗೆ ಹೆದರಿ ಒಂದು ಸರ್ಕಾರ ಕಡಲಿನಿಂದ ಕಾಡಿನವರೆಗಿನ ನಾಡನ್ನೇ ಒಬ್ಬ ಮನುಷ್ಯನಿಗೆ ಮುಚ್ಚಿಬಿಟ್ಟಿತು. ತನ್ನ ಊರಿನ ಗೇಣಿದಾರನ ಪರ ಮಾತಾಡದಂತೆ ಹೊರಗಟ್ಟಿಸಿಕೊಂಡ ಆ 1940ರಲ್ಲೇ ಭಾರತದ ಹಡಗು ಕಾರ್ಮಿಕರ ಬಗ್ಗೆ ಅವರ ಇಂಗ್ಲಿಷ್ ಪುಸ್ತಕ ಹೊರಬಂತು. ಅದಕ್ಕೆ ಎರಡು ವರ್ಷ ಮೊದಲು ಪ್ರಾಥಮಿಕ ಶಿಕ್ಷಣದ ಬಗ್ಗೆ ಇನ್ನೊಂದು ಬಂದಿತ್ತು. ಊರು ಮುಚ್ಚಿದರೂ ಕೆಲಸ ಮುಚ್ಚಲಿಲ್ಲ.

1945ರಲ್ಲಿ ಗಡಿಪಾರು ಮುಗಿಯಿತು. ಮೂರು ವರ್ಷಕ್ಕೆ 1948ರ ಆ ಕಾಯ್ದೆ ಬಂತು. ಅದು ದೇಸಾಯಿಯವರೊಬ್ಬರ ಕೆಲಸ ಎಂದರೆ ಸುಳ್ಳಾಗುತ್ತದೆ. ಠಾಣೆಯಿಂದ ಕೆನರಾದವರೆಗೆ ಎಷ್ಟೋ ಸೀಮೆಗಳ ಗೇಣಿದಾರರು ಕೂಗಿದ ಕೂಗು ಅದರಲ್ಲಿದೆ. ಆದರೆ ಕಾಯ್ದೆಯ ಕಲಮುಗಳನ್ನು ಓದುತ್ತ ಹೋದರೆ ಮೈ ಜುಮ್ಮೆನ್ನುತ್ತದೆ. ಗೇಣಿ ನೀರಾವರಿ ಜಮೀನಿಗೆ ಬೆಳೆಯ ನಾಲ್ಕನೇ ಒಂದು ಪಾಲು, ಉಳಿದದ್ದಕ್ಕೆ ಮೂರನೇ ಒಂದು ಪಾಲು ಮೀರುವಂತಿಲ್ಲ. ಗೇಣಿಯ ಹೊರತು ಬೇರೆ ಕಾಣಿಕೆ, ಬಿಟ್ಟಿ ಚಾಕರಿ ಕೇಳುವಂತಿಲ್ಲ. ಗೇಣಿ ತೆಗೆದುಕೊಂಡ ಒಡೆಯ ಬರಹದಲ್ಲಿ ರಶೀದಿ ಕೊಡಲೇಬೇಕು. ರಶೀದಿ! ಕಣದಲ್ಲಿ ಕೇಳಿದರೆ ಉದ್ಧಟತನ ಎನಿಸುತ್ತಿದ್ದ ಮಾತು ಈಗ ಶಾಸನ.

ಇನ್ನು ಗಡಿಯ ಆಚೆಗೆ ಬನ್ನಿ.

ಸಾಗರ ಸೀಮೆಯಲ್ಲಿ ಆ ಕಾಯ್ದೆ ಇರಲಿಲ್ಲ. ಕೊಳಗವೆಂದರೆ ಮೂರು ಸೇರು ಎಂಬುದು ಲೆಕ್ಕ. ಗೇಣಿ ಅಳೆಯುವ ಕೊಳಗ ಅದಕ್ಕಿಂತ ದೊಡ್ಡದು. ಎಚ್. ಗಣಪತಿಯಪ್ಪ ಎಂಬವರು ರೈತಸಂಘ ಕಟ್ಟಿ, ಊರೂರು ತಿರುಗಿ, ಮೂರು ಸೇರಿನ ಕೊಳಗದಲ್ಲೇ ಅಳೆಯುತ್ತೇವೆ ಎಂದು ದೀವ ಗೇಣಿದಾರರ ಬಾಯಲ್ಲಿ ಹೇಳಿಸಿದರು. ಗದ್ದೆ ಬಿಡಿಸಿದರು ಒಡೆಯರು. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ಹಿಡಿದರು, ಇನ್ನೊಂದು ತಂಡ ಇಳಿಯಿತು. ಅವರನ್ನೂ ಹಿಡಿದರು, ಮತ್ತೊಂದು ಇಳಿಯಿತು. ಸಮಾಜವಾದಿ ಪಕ್ಷ ಹೋರಾಟವನ್ನು ಹೆಗಲಿಗೆ ತೆಗೆದುಕೊಂಡಿತು. ತೀರ್ಥಹಳ್ಳಿ ಕಡೆಯ ಶಾಂತವೇರಿಯ ಗೋಪಾಲಗೌಡ ಎಂಬ ಯುವಕ ಮುಂದೆ ನಿಂತ. 1923ರಲ್ಲಿ ಹುಟ್ಟಿದವನು, 1942ರ ಚಳವಳಿಯಲ್ಲಿ ಆಗಲೇ ಜೈಲು ಕಂಡವನು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎರಡು ಮಾತು ಹೇಳಿದ್ದರು. ಸಂವಿಧಾನದ ದಾರಿ ತೆರೆದ ಮೇಲೆ ಕಾನೂನುಭಂಗ, ಸತ್ಯಾಗ್ರಹಗಳನ್ನು ಬಿಡಬೇಕು ಎಂಬುದು ಒಂದು. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧವನ್ನು ಬೇಗ ತೆಗೆಯದಿದ್ದರೆ ಕಟ್ಟಿದ್ದೆಲ್ಲ ಒಡೆದುಹೋಗಬಹುದು ಎಂಬ ಎಚ್ಚರಿಕೆ ಇನ್ನೊಂದು. ಕಾಗೋಡು ಈ ಎರಡು ಮಾತುಗಳ ನಡುವಿನ ಜಾಗದಲ್ಲಿ ನಡೆಯಿತು! ಗದ್ದೆಗಿಳಿದ ದೀವರಿಗೆ ಓಟಿನ ಹಕ್ಕು ಬಂದಿತ್ತು, ಆದರೆ ಮೊದಲ ಚುನಾವಣೆ ಇನ್ನೂ ಆಗಿರಲಿಲ್ಲ. ದಾರಿ ಇದೆ ಎಂದು ಹೇಳಿದ್ದರು, ದಾರಿಯಲ್ಲಿ ಯಾರೂ ಇನ್ನೂ ಕಾಲಿಟ್ಟಿರಲಿಲ್ಲ. ಅಂಥ ಹೊತ್ತಿನಲ್ಲಿ ಅವರು ಸತ್ಯಾಗ್ರಹವನ್ನೂ ಮಾಡಿದರು, ಕೆಲವೇ ತಿಂಗಳಲ್ಲಿ ಓಟನ್ನೂ ಹಾಕಿದರು. 1952ರ ಮೊದಲ ಚುನಾವಣೆಯಲ್ಲಿ ಸಾಗರ–ಹೊಸನಗರದಿಂದ ಗೋಪಾಲಗೌಡರು ಕಾಂಗ್ರೆಸ್ಸಿನ ಬದರೀನಾರಾಯಣ ಅಯ್ಯಂಗಾರರನ್ನು ಸೋಲಿಸಿ ಶಾಸನಸಭೆಗೆ ಹೋದರು. ಮೂವತ್ತು ತುಂಬದ ಹುಡುಗ, ಕೈಯಲ್ಲಿ ದುಡ್ಡಿಲ್ಲ, ಹಿಂದೆ ಮನೆತನದ ಬಲವಿಲ್ಲ. ಹಿಂದಿದ್ದದ್ದು ಜೈಲಿನಿಂದ ಬಂದ ಗೇಣಿದಾರರು. ಅದೇ 1952ರಲ್ಲಿ ಮೈಸೂರಿಗೂ ಗೇಣಿ ಕಾಯ್ದೆ ಬಂತು. ಚಳವಳಿ ಸೋತಿತು ಎಂದು ಬರೆದವರಿದ್ದಾರೆ. ಗದ್ದೆ ಆಗಲೇ ಕೈಗೆ ಬರಲಿಲ್ಲ ಎಂಬ ಅರ್ಥದಲ್ಲಿ ಅದು ನಿಜವೇ. ಆದರೆ ಜೈಲಿನ ಬಾಗಿಲಿನಿಂದ ವಿಧಾನಸಭೆಯ ಬಾಗಿಲಿಗೆ ಒಂದು ವರ್ಷದೊಳಗೆ ನಡೆದುಹೋದವರನ್ನು ಸೋತವರೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಗೋಪಾಲಗೌಡರು ಉಳುವವನಿಗೆ ಹೊಲ ಬಂದುದನ್ನು ನೋಡಲಿಲ್ಲ. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅನಂತಮೂರ್ತಿಯವರ ‘ಅವಸ್ಥೆ’ಯ ಕೃಷ್ಣಪ್ಪಗೌಡನ ಹಿಂದೆ ಇರುವವರು ಇವರೇ ಎಂಬುದು ಸಾಹಿತ್ಯದವರಿಗೆ ಗೊತ್ತು.

ದೇಸಾಯಿಯವರದು ದೀರ್ಘ ನಡಿಗೆ. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಗೇಣಿ ಇಳಿದರೂ ರಶೀದಿ ಓದಲು ಬಾರದಿದ್ದರೆ ಏನು ಬಂತು? ಜಿಲ್ಲೆಯ ಉದ್ದಕ್ಕೂ ಶಾಲೆಗಳು ಎದ್ದವು. ಗೋಖಲೆಯವರ ಜನ್ಮಶತಾಬ್ದಿಯ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು. ‘ಜನಸೇವಕ’ ವಾರಪತ್ರಿಕೆ. ಅದರ ಜೊತೆಗೇ ಚೌಪದಿ, ಮಕ್ಕಳ ಪದ್ಯ. ಹಡಗಿನ ಕೂಲಿಯವರ ಸಂಬಳದ ಲೆಕ್ಕ ಬರೆದ ಕೈಯೇ ಮಕ್ಕಳ ಪ್ರಾಸಗಳನ್ನೂ ಬರೆಯುತ್ತಿತ್ತು ಎಂಬುದು ನನಗೆ ಇವತ್ತಿಗೂ ಮುಗಿಯದ ಬೆರಗು.

ಮತ್ತೆ 1967. ಲೋಕಸಭೆ ಚುನಾವಣೆ. ಕೆನರಾ ಕ್ಷೇತ್ರದಿಂದ ದಿನಕರ ದೇಸಾಯಿ ನಿಂತರು, ಪಕ್ಷದ ಚಿಹ್ನೆಯಿಲ್ಲದೆ, ಸ್ವತಂತ್ರರಾಗಿ. 1952ರಿಂದ ಮೂರು ಚುನಾವಣೆಗಳಲ್ಲಿ ಕಾಂಗ್ರೆಸ್ಸಿನ ಜೋಕಿಂ ಆಳ್ವರನ್ನು ಕಳಿಸಿದ್ದ ಕ್ಷೇತ್ರ. ಗೆದ್ದರು! ಯಾವ ಜಿಲ್ಲೆಯೊಳಗೆ ಕಾಲಿಡಬಾರದು ಎಂದು 1940ರಲ್ಲಿ ಸರ್ಕಾರ ಹೇಳಿತ್ತೋ ಆ ಜಿಲ್ಲೆಯೇ 27 ವರ್ಷದ ಮೇಲೆ ಅವರನ್ನು ದೆಹಲಿಗೆ ಕಳಿಸಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಓಟೂ ಆ ಪೆಟ್ಟಿಗೆಯಲ್ಲಿತ್ತು. 1937ರಲ್ಲಿ ಮತದಾರರ ಪಟ್ಟಿಯ ಹೊರಗಿದ್ದ ಚಾಲಗೇಣಿಯವನ ಮಗ, ಮಗಳು, ಸೊಸೆ ಎಲ್ಲರೂ ಈ ಸಲ ಒಳಗಿದ್ದರು.

ಆಮೇಲೆ 1974ರ ಮಾರ್ಚ್ 1. ದೇವರಾಜ ಅರಸರ ಸರ್ಕಾರದ ತಿದ್ದುಪಡಿಯಿಂದ, ಅಂದು ರಾಜ್ಯದಲ್ಲಿ ಗೇಣಿಯಲ್ಲಿದ್ದ ಜಮೀನೆಲ್ಲ ಒಡೆಯನ ಕೈಬಿಟ್ಟು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಅರ್ಜಿ ಹಾಕಿ ತನ್ನದಾಗಿಸಿಕೊಳ್ಳಬೇಕು. ನಮೂನೆ 7. ನಮ್ಮ ಕಡೆಯವರ ಬಾಯಲ್ಲಿ ಅದು ‘ಡಿಕ್ಲರೇಷನ್’. ರಾಜ್ಯದಲ್ಲಿ ಸುಮಾರು 8 ಲಕ್ಷ ಡಿಕ್ಲರೇಷನ್ ಬಿದ್ದವು! ತಾಲೂಕು ಕಚೇರಿಯಲ್ಲಿ ಭೂನ್ಯಾಯಮಂಡಳಿ ಕೂರುತ್ತಿತ್ತು. ಆ ಕಾಯ್ದೆಯ ಅತ್ಯಂತ ಎಡದ ಕಲಮು ಯಾವುದು ಗೊತ್ತೇ? ನ್ಯಾಯಮಂಡಳಿಯ ಎದುರು ವಕೀಲರು ಬರುವಂತಿಲ್ಲ ಎಂಬುದು. ಎರಡೂ ಕಡೆಯವರು ತಮ್ಮ ಬಾಯಲ್ಲೇ ಮಾತಾಡಬೇಕು. ಕಂಬಳಿ ಕೊಪ್ಪೆ ಹೊತ್ತ ಗೇಣಿದಾರ, ಶಾಲು ಹೊದ್ದ ಒಡೆಯ, ಒಂದೇ ಮೇಜಿನ ಎದುರು. ಈ ಗದ್ದೆ ಯಾರು ಮಾಡುತ್ತಿದ್ದೀರಿ? ನಾನು. ಎಷ್ಟು ವರ್ಷದಿಂದ? ಅಜ್ಜನ ಕಾಲದಿಂದ. ಈ ಕಲಮನ್ನು ಮುಂದೆ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಬಹಳಷ್ಟು ಬಾಯಿಗಳು ಮಾತಾಡಿಯಾಗಿತ್ತು.

ಪಹಣಿ ನೋಡಿದ್ದೀರಲ್ಲ? ಒಂಬತ್ತನೇ ಕಾಲಮಿನಲ್ಲಿ ಭೂಮಿಯ ಸ್ವಾಧೀನದಾರನ ಹೆಸರು. ಹನ್ನೆರಡನೇ ಕಾಲಮಿನಲ್ಲಿ ಸಾಗುವಳಿ ಮಾಡುವವನ ಹೆಸರು. 1930ರಲ್ಲಿ ಎಲ್ಲೂ ಇಲ್ಲದಿದ್ದ ಹೆಸರು ರೈತಕೂಟ, ಗಡಿಪಾರು, ಒಂಬತ್ತನೇ ಅನುಸೂಚಿ, ಕಾಗೋಡಿನ ನೇಗಿಲು, ಮತಪೆಟ್ಟಿಗೆ ಎಲ್ಲ ದಾಟಿ ಹನ್ನೆರಡನೇ ಕಾಲಮಿಗೆ ಬಂತು. 1974ರ ಮೇಲೆ ಅಲ್ಲಿಂದ ಒಂಬತ್ತಕ್ಕೆ ಜಿಗಿಯಿತು. ಕಾಗದದ ಮೇಲೆ ಮೂರು ಅಂಗುಲ. ಮಲೆನಾಡಿನ ಕ್ರಾಂತಿ ನಡೆದದ್ದು ಆ ಮೂರು ಅಂಗುಲದಲ್ಲಿ, ಮತ್ತು ಅದನ್ನು ಎಣಿಸಿದರೆ ಎಷ್ಟೋ ದೊಡ್ಡ ಹೆಸರಿನ ಕ್ರಾಂತಿಗಳು ಇಷ್ಟು ದೂರ ಬರಲಿಲ್ಲ ಎನಿಸುತ್ತದೆ. ದಿನಕರ ದೇಸಾಯಿಯವರು ಇದನ್ನು ಕಣ್ಣಾರೆ ಕಂಡರು; 1982ರ ನವೆಂಬರಿನಲ್ಲಿ ತೀರಿಕೊಂಡರು.

ಎಲ್ಲರಿಗೂ ಸಿಕ್ಕಿತೇ? ಇಲ್ಲ. ಕಾಯ್ದೆ ಗೇಣಿದಾರನನ್ನು ಕಂಡಿತು, ಕೂಲಿಯವನನ್ನು ಕಾಣಲಿಲ್ಲ. ಯಲ್ಲಾಪುರದ ಕಾಡಿನ ಅಂಚಿನ ಸಿದ್ದಿಗಳನ್ನೇ ನೋಡಿ. ಆಫ್ರಿಕದಿಂದ ಬಂದ ಪೂರ್ವಜರ ಮಕ್ಕಳು, ತೋಟಗಳಲ್ಲಿ ದುಡಿದು ಬೆನ್ನು ಬಗ್ಗಿಸಿದವರು. ಯಾವ ಗದ್ದೆಯ ಗೇಣಿಯೂ ಇಲ್ಲದವನು ಯಾವ ಡಿಕ್ಲರೇಷನ್ ಕೊಡಬೇಕು? ಪರಿಶಿಷ್ಟ ಪಂಗಡ ಎಂಬ ಮಾನ್ಯತೆಗೂ ಅವರು 2003ರವರೆಗೆ ಕಾಯಬೇಕಾಯಿತು. ಇನ್ನು ಕಾಡಿನೊಳಗೆ ಬೇಣ ಹಸನು ಮಾಡಿ ಉಂಡವರು. ಮುಕ್ಕಾಲಿಗಿಂತ ಹೆಚ್ಚು ಕಾಡೇ ಇರುವ ಜಿಲ್ಲೆ ಇದು. ಅವರ ಭೂಮಿಗೆ ಒಡೆಯನೆಂದರೆ ಅರಣ್ಯ ಇಲಾಖೆ. ಅವರ ಹೆಸರು ಇಂದಿಗೂ ಅತಿಕ್ರಮಣದಾರ.

ಅವರಿಗೆಂದು 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು ಅದರಲ್ಲಿ ತೋರಿಸಬೇಕಾದದ್ದು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ ವಾಸ. ಮೂರು ತಲೆಮಾರು ಎಂದರೆ 75 ವರ್ಷ. ಕಳೆದು ನೋಡಿ. 1930! ಅಂಕೋಲೆಯಲ್ಲಿ ಉಪ್ಪು ಕುದಿಸಿದ ವರ್ಷ. ಸಿದ್ದಾಪುರ ಕರ ನಿಲ್ಲಿಸುವ ಹೊಸಿಲಲ್ಲಿದ್ದ ವರ್ಷ. ಖಾತೆ ಇದ್ದವರ ಹೆಸರಾದರೂ ಜಪ್ತಿಯ ಕಾಗದಗಳಲ್ಲಿ ಉಳಿಯಿತು. ಬೇಣ ಮಾಡುತ್ತಿದ್ದವನ ಹೆಸರನ್ನು 1930ರಲ್ಲಿ ಬರೆದುಕೊಂಡವರು ಯಾರು? ಶಿರಸಿಯಲ್ಲಿ, ಸಿದ್ದಾಪುರದಲ್ಲಿ, ಯಲ್ಲಾಪುರದಲ್ಲಿ ಆ ವರ್ಷದ ಕಾಗದ ತನ್ನಿ ಎಂಬ ಮಾತಿಗೆ ಅರ್ಜಿಗಳು ನಿಂತಿವೆ.

ಆ ಕಾಯ್ದೆಯ 2008ರ ನಿಯಮಗಳಲ್ಲಿ 13ನೆಯದನ್ನು ಒಮ್ಮೆ ಓದಿ. ಸಾಕ್ಷ್ಯ ಎಂದರೆ ಸರ್ಕಾರಿ ಕಾಗದ ಮಾತ್ರ ಎಂದು ಅಲ್ಲಿಲ್ಲ. ಹಳೆಯ ಬಾವಿ ಆಗುತ್ತದೆ, ಸುಡುಗಾಡು ಆಗುತ್ತದೆ, ದೇವರ ಬನ ಆಗುತ್ತದೆ, ಅರ್ಜಿದಾರನಲ್ಲದ ಹಿರಿಯರೊಬ್ಬರು ಹೇಳಿ ಬರೆಸಿದ ಹೇಳಿಕೆ ಆಗುತ್ತದೆ. ನ್ಯಾಯಮಂಡಳಿಯ ಎದುರು ಅಜ್ಜನ ಕಾಲದಿಂದ ಎಂದ ಬಾಯಿಮಾತು ಮತ್ತೆ ಶಾಸನದೊಳಗೆ ಬಂದು ಕೂತಿದೆ! 1930ನ್ನು ಕಂಡು ನೆನಪಿಟ್ಟವರಿಗೆ ಈಗ ನೂರು ದಾಟಿದೆ. ಅವರಿಂದ ಕೇಳಿದವರಿಗೆ ಎಂಬತ್ತು, ತೊಂಬತ್ತು. ಅವರ ಹೇಳಿಕೆ ಬರೆಸಿಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು, ಗ್ರಾಮ ಅರಣ್ಯ ಹಕ್ಕು ಸಮಿತಿಗೆ ಕೊಡುವ ಕೆಲಸ ಊರೂರಲ್ಲಿ ಆಗಬೇಕು, ಬರುವ ಮಳೆಗಾಲಕ್ಕೆ ಮೊದಲು.